ಆಡಿದ ಮಾತಿಗೆ ಗುರುತು ಹಾಕುವ ಬಗೆ

1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ ಸಂಜೆಯಾಯಿತೆಂದರೆ ಜನ ಒಂದು ಪೆಟ್ಟಿಗೆಯ ಮುಂದೆ ನೆರೆಯುತ್ತಿದ್ದರು. ಉಪಗ್ರಹದ ಮೂಲಕ ದೂರದರ್ಶನವನ್ನು ಹಳ್ಳಿಗೆ ಮುಟ್ಟಿಸಿದ ‘ಸೈಟ್’ ಪ್ರಯೋಗವದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಎಷ್ಟು ಜನ ನೋಡಿದರೆಂಬುದನ್ನು ಎಣಿಸಬಹುದು. ನೋಡಿದವರಿಗೆ ಏನನ್ನಿಸಿತೆಂಬುದನ್ನು ಎಣಿಸುವುದು ಹೇಗೆ? ಅದಕ್ಕಾಗಿ ಸಂಶೋಧಕರು ಕೆಲವು ಹಳ್ಳಿಗಳಲ್ಲಿ ವಾಸವಾಗಿದ್ದು, ಜನರ ಮಾತು ಕೇಳಿ ಬರೆದುಕೊಂಡರು.

ಜನರನ್ನು ಕೂಡಿಸಿ ಮಾತಾಡಿಸುವ ಈ ಪದ್ಧತಿ ಬೆಳೆದುದು ರೇಡಿಯೋದ ಅಂಗಳದಲ್ಲಿಯೇ ಎಂದರೆ ನಮ್ಮ ಕೇಳುಗರಿಗೆ ಸಂತೋಷವಾದೀತು. 1941ರಲ್ಲಿ ನ್ಯೂಯಾರ್ಕಿನಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಎಂಬವರು ಕೇಳುಗರಿಗೆ ಕಾರ್ಯಕ್ರಮ ಕೇಳಿಸಿ, ಮೆಚ್ಚಿದರೆ ಹಸಿರು ಗುಂಡಿ, ಮೆಚ್ಚದಿದ್ದರೆ ಕೆಂಪು ಗುಂಡಿ ಒತ್ತಿಸುತ್ತಿದ್ದರು. ಅಲ್ಲಿಗೆ ಬಂದ ರಾಬರ್ಟ್ ಮರ್ಟನ್ನರು ಏಕೆ ಒತ್ತಿದಿರೆಂಬುದನ್ನೂ ಕೇಳತೊಡಗಿದರು.

ಆ ‘ಏಕೆ’ಗೆ ಬಂದ ಉತ್ತರಗಳು ಕಾಗದಕ್ಕಿಳಿದಾಗ ರಾಶಿಯಾಗುತ್ತವೆ. ಬಹುಕಾಲ ಕತ್ತರಿ, ಬಣ್ಣದ ಪೆನ್ಸಿಲುಗಳಿಂದಲೇ ಅವನ್ನು ವಿಂಗಡಿಸಿದರು. 1981ರ ಸುಮಾರಿಗೆ ಆಸ್ಟ್ರೇಲಿಯದ ಲಿನ್ ಮತ್ತು ಟಾಮ್ ರಿಚರ್ಡ್ಸ್ ಈ ಕೆಲಸಕ್ಕೆ ಗಣಕಯಂತ್ರವನ್ನು ಹೂಡಿದರು; ಇಂದಿನ ಎನ್‌ವಿವೊ ತಂತ್ರಾಂಶ ಅದರ ಸಂತಾನ. ಅದಕ್ಕೆ ಬೆಲೆ ತೆರಬೇಕು. ಟ್ಯಾಗೆಟ್ ಎಂಬುದು ಪುಕ್ಕಟೆ ದೊರೆಯುತ್ತದೆ.

ಇವು ಮಾಡುವುದೇನು? ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದ ಕೆಂಪು ಬಾಳೆ ನಿಮಗೆ ಗೊತ್ತೇ ಇದೆ. ಅದನ್ನು ಬೆಳೆಯುವ ಎಂಟು ಜನರನ್ನು ಕೂಡಿಸಿ ಅವರ ಕಷ್ಟಸುಖ ಕೇಳಿದಿರೆಂದು ಇಟ್ಟುಕೊಳ್ಳೋಣ. ಒಬ್ಬರು, “ನೀರಿಂದೇ ತ್ರಾಸ ಅದರಿ” ಎನ್ನುತ್ತಾರೆ. ಆ ಸಾಲಿಗೆ ನೀವು ‘ನೀರು’ ಎಂದು ಗುರುತು ಹಾಕುತ್ತೀರಿ. ಮಾತಾಡಿದವರು ಹೆಂಗಸೋ ಗಂಡಸೋ, ಸ್ವಂತ ಹೊಲದವರೋ ಪಾಲಿಗೆ ಮಾಡುವವರೋ ಎಂಬುದನ್ನೂ ಬರೆದಿಡುತ್ತೀರಿ. ಮುಂದೆ ಇಪ್ಪತ್ತು ಊರಿನ ಮಾತು ಸೇರಿದಾಗ, ಪಾಲಿಗೆ ಮಾಡುವವರು ನೀರಿನ ಬಗ್ಗೆ ಹೇಳಿದ್ದನ್ನಷ್ಟೇ ತೋರಿಸೆಂದರೆ ಕ್ಷಣದಲ್ಲಿ ತೋರಿಸುತ್ತದೆ. ಗುರುತು ಹಾಕುವವರು ನೀವು. ಯಂತ್ರ ಕಡತ ಕಾಯುವ ಕಾರಕೂನ.

ಈ ಕಾರಕೂನನಿಗೆ ನಮ್ಮ ಕನ್ನಡ ಸ್ವಲ್ಪ ಕಷ್ಟವೇ. ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದರೆ ತೆರೆಯ ಮೇಲೆ ಕಗ್ಗವೇ ಕಾಣುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿರಿ. ‘ನೀರು’ ಎಂದು ಹುಡುಕಿದರೆ ‘ನೀರಿಲ್ಲ’, ‘ನೀರಿಗೆ’ ಎಂಬವು ತಪ್ಪಿಹೋಗುತ್ತವೆ. ‘ನೀರ’ ಎಂದು ಹುಡುಕಿರಿ, ಎಲ್ಲವೂ ಸಿಕ್ಕುತ್ತವೆ. ಜೊತೆಗೆ ‘ನೀರಸ’ವೂ ಬಂದು ಕೂತಿರುತ್ತದೆ, ಅದನ್ನು ಕೈಯಿಂದಲೇ ತೆಗೆಯಬೇಕು.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಇನ್ನೊಬ್ಬರು, “ಹೆಂಗೋ ನಡೀತದರಿ” ಎಂದರು. ಇದು ಸಮಾಧಾನವೋ, ಕೈಚೆಲ್ಲಿದ ಮಾತೋ? ಇಂಗ್ಲಿಷಿಗೆ ತರ್ಜುಮೆ ಮಾಡಿ ಗುರುತು ಹಾಕುವವರು ಇದನ್ನು ‘ತೃಪ್ತಿ’ಯ ಲೆಕ್ಕಕ್ಕೆ ಬರೆದುಬಿಟ್ಟಾರು. ಊರ ಹಿರಿಯರು ಮಾತಾಡಿದ ಮೇಲೆ ಐದು ಜನ “ಹೌದ್ರಿ” ಎಂದರೆ ಯಂತ್ರಕ್ಕೆ ಅದು ಐದು ಒಪ್ಪಿಗೆ. ಕೂತಿದ್ದವರಿಗೆ ಅದು ಬರಿಯ ಮರ್ಯಾದೆಯೆಂದು ಗೊತ್ತು. ಮೂಲೆಯಲ್ಲಿ ಕೂತು ಬಾಯಿಬಿಡದ ಹೆಣ್ಣುಮಗಳಂತೂ ಲೆಕ್ಕಕ್ಕೇ ಇಲ್ಲ. ಆದುದರಿಂದ ಆಡಿದ ಕನ್ನಡದಲ್ಲಿಯೇ ಗುರುತು ಹಾಕಿರಿ. ಯಾರು ಯಾರ ಮುಖ ನೋಡಿ ಮಾತಾಡಿದರು, ಯಾರು ಸುಮ್ಮನಿದ್ದರು ಎಂಬುದನ್ನು ಅಂದೇ ಟಿಪ್ಪಣಿ ಮಾಡಿ ಆ ಸಾಲಿಗೆ ಅಂಟಿಸಿರಿ. ಅದಕ್ಕೂ ತಂತ್ರಾಂಶದಲ್ಲಿ ಜಾಗವುಂಟು. ಇಬ್ಬರು ಬೇರೆ ಬೇರೆ ಕೂತು ಅದೇ ಪುಟಕ್ಕೆ ಗುರುತು ಹಾಕಿ ತಾಳೆ ನೋಡುವುದು ಒಳ್ಳೆಯದು. ಎಲ್ಲಿ ಒಮ್ಮತವಿಲ್ಲವೋ ಅಲ್ಲಿಯೇ ಹೆಚ್ಚಾಗಿ ವಿಷಯವಿರುತ್ತದೆ. ಈಚೆಗೆ ಯಂತ್ರವೇ ಗುರುತು ಸೂಚಿಸುವ ಸೌಲಭ್ಯವೂ ಬಂದಿದೆ. ಅದರ ಸೂಚನೆಯನ್ನು ಹೊಸ ಶಿಷ್ಯನ ಸೂಚನೆಯಂತೆ ಕೇಳಿ, ಮೂಲವನ್ನು ಮತ್ತೊಮ್ಮೆ ಓದಿರಿ.

ಹೆಸರುಗಳನ್ನು ಮೊದಲೇ ಅಳಿಸಬೇಕು. ಕಮಲಾಪುರದಂಥ ಊರಿನಲ್ಲಿ ಹೆಸರೊಂದನ್ನು ಅಳಿಸಿದರೆ ಸಾಲದು. ‘ಹಳ್ಳದ ಆಚೆಯ ತೋಟದವರು’ ಎಂದರೂ ಸಾಕು, ಯಾರೆಂದು ಎಲ್ಲರಿಗೂ ತಿಳಿದುಹೋಗುತ್ತದೆ. ಆ ಸಾಲಿನಿಂದ ತೋಟವನ್ನೂ ಹಳ್ಳವನ್ನೂ ತೆಗೆಯಿರಿ.