ಬಸವನಗುಡಿ: ಪ್ಲೇಗಿನ ಭೀತಿಯಲ್ಲಿ ಬೆಳೆದ ಬಡಾವಣೆ

ಬೆಂಗಳೂರಿನ ಹಳೆಯ ಪೇಟೆಯನ್ನು ದಾಟಿ ಊರನ್ನು ವಿಸ್ತರಿಸುವ ಯೋಚನೆ ಮೈಸೂರು ಸರ್ಕಾರಕ್ಕೆ ಮೊದಲೇ ಇತ್ತಾದರೂ, ಅದಕ್ಕೆ ತುರ್ತು ಒದಗಿದ್ದು 1898ರ ಪ್ಲೇಗಿನಿಂದ. ಗೋಡೆಗೆ ಗೋಡೆ ತಾಗಿದ ಮನೆಗಳೂ ಗಾಳಿಯಾಡದ ಓಣಿಗಳೂ ತುಂಬಿದ್ದ ಪೇಟೆಯಲ್ಲಿ ಆ ಮಾರಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಾಗ, ಬಯಲಿನ ಗಾಳಿ ಬೆಳಕು ಬದುಕಿನ ಅಗತ್ಯವೆಂಬ ಅರಿವು ಗಟ್ಟಿಯಾಗಿ, ವಾಯವ್ಯದಲ್ಲಿ ಮಲ್ಲೇಶ್ವರವೂ ದಕ್ಷಿಣದಲ್ಲಿ, ಸುಂಕೇನಹಳ್ಳಿಯ ನೆಲದಲ್ಲಿ, ಬಸವನಗುಡಿಯೂ ಬೆಳೆದವು. ಏಕಶಿಲೆಯ ಬೃಹತ್ ನಂದಿಯ ಗುಡಿಯೇ ಹೊಸ ಬಡಾವಣೆಗೆ ಹೆಸರು ಕೊಟ್ಟಿತು.

ಅಗಲವಾದ ನೇರ ಬೀದಿಗಳು, ಸಾಲುಮರಗಳು, ಸುತ್ತ ಜಾಗ ಬಿಟ್ಟು ಕಟ್ಟಿದ ಮನೆಗಳು, ಕಿಟಕಿ ಮತ್ತು ಮುಖಮಂಟಪಗಳ ಮೇಲೆ ಮರದ ಪಟ್ಟಿಗಳಿಂದ ಜೋಡಿಸಿದ, 'ಮಂಕಿ ಟಾಪ್' ಎಂದು ಕರೆಯಲಾಗುವ ಚೂಪು ಮಾಡುಗಳು ಇಲ್ಲಿನ ಚೆಲುವಿಗೆ ಕಾರಣವಾದವು. ಆದರೆ ಬಡಾವಣೆಯ ನಿಜವಾದ ಚರಿತ್ರೆ ಮನೆಗಳ ಬೆನ್ನಿಗಿದ್ದ ಕನ್ಸರ್ವೆನ್ಸಿ ಗಲ್ಲಿಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಓದಸಿಗುತ್ತದೆ. ಒಳಚರಂಡಿ ಇನ್ನೂ ಬಾರದಿದ್ದ ಆ ಕಾಲದಲ್ಲಿ ಹಿತ್ತಲ ಪಾಯಿಖಾನೆಗಳಿಂದ ಮಲವನ್ನು ಹೊತ್ತೊಯ್ಯುವ ಕಾರ್ಮಿಕರು ಮುಂಬೀದಿಗೆ ಬಾರದೆ ಓಡಾಡಲೆಂದು ಬಿಟ್ಟ ಕಿರುದಾರಿಗಳಿವು. ನಿವೇಶನಗಳ ಹಂಚಿಕೆಯಲ್ಲೂ ಜಾತಿವಾರು ವಿಂಗಡಣೆಯಿತ್ತೆಂಬುದನ್ನು ಇದರೊಡನೆ ಸೇರಿಸಿ ನೋಡಿದರೆ, ಆರೋಗ್ಯಕ್ಕಾಗಿ ಹಾಕಿದ ನಕ್ಷೆಯೇ ಮಡಿ ಮೈಲಿಗೆಯ ಗೆರೆಯನ್ನೂ ನೆಲದ ಮೇಲೆ ಎಳೆದಿತ್ತೆಂದು ಒಪ್ಪಲೇಬೇಕಾಗುತ್ತದೆ. ಬಸವನಗುಡಿಯ ಸೊಬಗನ್ನು ಕೊಂಡಾಡುವ ಬರಹಗಳು ಆ ಕಾರ್ಮಿಕರ ಶ್ರಮವನ್ನು ಮರೆಯುವುದು ನೋವಿನ ಸಂಗತಿ.

ವಿದ್ಯಾವಂತ ಮಧ್ಯಮ ವರ್ಗ ನೆಲೆಸಿದ ಈ ಭಾಗಕ್ಕೆ 1917ರಲ್ಲಿ ಆರಂಭವಾದ ನ್ಯಾಷನಲ್ ಹೈಸ್ಕೂಲು ಹೊಸ ಚೈತನ್ಯ ತಂದಿತು. ಡಿ.ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯು ರಾಜಕೀಯವನ್ನೂ ಕಾವ್ಯವನ್ನೂ ಒಂದೇ ಗಾಂಭೀರ್ಯದಿಂದ ಚರ್ಚಿಸುವ ವೇದಿಕೆಯಾಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆ ಪಕ್ಕದ ಗವಿಪುರದಲ್ಲಿತ್ತು. 1943ರಿಂದ ದೋಸೆಗೆ ಹೆಸರಾದ ವಿದ್ಯಾರ್ಥಿ ಭವನ ಗಾಂಧಿ ಬಜಾರಿನಲ್ಲಿದೆ.

ಇಷ್ಟೆಲ್ಲ ನಾಗರಿಕತೆಯ ನಡುವೆಯೂ ಈ ನೆಲ ತನ್ನ ಹಳ್ಳಿಯ ನಂಟನ್ನು ಕಡಿದುಕೊಂಡಿಲ್ಲ. ಕಾರ್ತಿಕ ಮಾಸದ ಕಡೆಯ ಸೋಮವಾರ ಸೇರುವ ಕಡಲೆಕಾಯಿ ಪರಿಷೆಯು, ರೈತರು ಹೊಸ ಬೆಳೆಯನ್ನು ಬಸವನಿಗೆ ಅರ್ಪಿಸುತ್ತಿದ್ದ ಪದ್ಧತಿಯಿಂದ ಬೆಳೆದದ್ದು. ಸುತ್ತಲಿನ ಹೊಲಗಳು ಬಡಾವಣೆಗಳಾದ ಮೇಲೆ ಕಡಲೆಕಾಯಿ ದೂರದ ಜಿಲ್ಲೆಗಳಿಂದಲೂ ನೆರೆರಾಜ್ಯಗಳಿಂದಲೂ ಬರುತ್ತಿದ್ದು, ಮಂಕಿ ಟಾಪ್ ಮನೆಗಳನ್ನು ಕೆಡವಿ ಎಬ್ಬಿಸಿದ ಅಪಾರ್ಟ್‌ಮೆಂಟುಗಳ ನಿವಾಸಿಗಳೂ ಅದನ್ನು ಸೇರುಗಟ್ಟಲೆ ಅಳೆಸಿಕೊಂಡು ಒಯ್ಯುತ್ತಾರೆ.