ಹೃದಯವೂ ಒಂದು ಗ್ರಂಥಿ

ಹೃದಯದ ಕೆಲಸವೇನೆಂದು ಕೇಳಿದರೆ ‘ರಕ್ತವನ್ನು ಪಂಪು ಮಾಡುವುದು’ ಎಂದು ಯಾವ ವಿದ್ಯಾರ್ಥಿಯಾದರೂ ಥಟ್ಟನೆ ಹೇಳಬಹುದು. ಉತ್ತರ ಸರಿ, ಆದರೆ ಪೂರ್ಣವಲ್ಲ. ಹೃದಯವು ಹಾರ್ಮೋನನ್ನೂ ಸ್ರವಿಸುತ್ತದೆ!

ಹೃತ್ಕರ್ಣದ ಸ್ನಾಯುಕೋಶಗಳಲ್ಲಿ ದಟ್ಟವಾದ ಸೂಕ್ಷ್ಮ ಕಣಗಳಿರುವುದು 1950ರ ದಶಕದಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತ್ತು. ಅವು ಗ್ರಂಥಿಕೋಶಗಳಲ್ಲಿನ ಹಾರ್ಮೋನು ಕಣಗಳನ್ನೇ ಹೋಲುತ್ತಿದ್ದವು. 1981ರಲ್ಲಿ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಯ ಹೃತ್ಕರ್ಣದಿಂದ ತೆಗೆದ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದರು. ಅವುಗಳ ಮೂತ್ರದಲ್ಲಿ ಸೋಡಿಯಂ ಮತ್ತು ನೀರು ಬಹುಬೇಗ ಹೆಚ್ಚಿದವು. ಹೃತ್ಕುಕ್ಷಿಯ ಸಾರಕ್ಕೆ ಈ ಪರಿಣಾಮವಿರಲಿಲ್ಲ. ಇದಕ್ಕೆ ಕಾರಣವಾದ ಹಾರ್ಮೋನೇ ಎಎನ್‌ಪಿ. ಮಾನವನಲ್ಲಿ ಇದು 28 ಅಮೈನೋ ಆಮ್ಲಗಳ ಚಿಕ್ಕ ಸರಪಳಿ. ರಕ್ತದ ಪ್ರಮಾಣ ಹೆಚ್ಚಿ ಹೃತ್ಕರ್ಣದ ಭಿತ್ತಿ ಹಿಗ್ಗಿದಾಗ ಇದು ಹೊರಬರುತ್ತದೆ; ಮೂತ್ರಪಿಂಡಗಳು ಉಪ್ಪು, ನೀರನ್ನು ಹೊರಹಾಕುವಂತೆ ಮಾಡಿ, ರಕ್ತನಾಳಗಳನ್ನು ಸಡಿಲಿಸಿ ಒತ್ತಡವನ್ನು ತಗ್ಗಿಸುತ್ತದೆ.

ಈಗ ಒಂದು ಸಮಸ್ಯೆಯನ್ನು ಗಮನಿಸಿ. ನರಕೋಶದಲ್ಲಿ ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗಿದೊಡನೆ ರಾಸಾಯನಿಕ ಸಂದೇಶ ಹೊರಬೀಳುತ್ತದೆ. ಹೃದಯದ ಕೋಶದಲ್ಲಿಯೂ ಪ್ರತಿ ಬಡಿತಕ್ಕೆ ಕ್ಯಾಲ್ಸಿಯಂ ಏರುತ್ತದೆ, ಇಳಿಯುತ್ತದೆ. ನಿಮಿಷಕ್ಕೆ 72 ಬಡಿತವೆಂದರೆ ದಿನಕ್ಕೆ ಒಂದು ಲಕ್ಷಕ್ಕೂ ಮೀರಿ! ಪ್ರತಿ ಏರಿಕೆಗೂ ಹಾರ್ಮೋನು ಸುರಿಯುವಂತಿದ್ದರೆ ಕಣಗಳ ದಾಸ್ತಾನು ಉಳಿಯುವುದೆಂತು?

ಉತ್ತರದ ಒಂದು ಭಾಗ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನುಗಳಲ್ಲಿದೆ. ನಿಮ್ಮ ಬಲಗೈಯ ತೋರುಬೆರಳು ಮತ್ತು ಹೆಬ್ಬೆರಳನ್ನು ಚಾಚಿ, ಉಳಿದ ಬೆರಳುಗಳನ್ನು ಮಡಚಿ. ಚಾಚಿದ ಬೆರಳುಗಳು ಪ್ರೋಟೀನಿನ ಎರಡು ಸುರುಳಿಗಳು. ಮಡಚಿದ ಬೆರಳುಗಳು ಅಯಾನನ್ನು ಹಿಡಿಯುವ ಕುಣಿಕೆ. ಮೀನಿನ ಸ್ನಾಯುವಿನ ಪಾರ್ವಾಲ್ಬುಮಿನ್‌ನಲ್ಲಿ ಮೊದಲು ಗುರುತಿಸಿದ ಈ ರಚನೆಗೆ ‘ಇಎಫ್ ಹಸ್ತ’ ಎಂದು ಹೆಸರು. ಕ್ಯಾಲ್‌ಮಾಡ್ಯುಲಿನ್‌ನಲ್ಲಿ ಇಂಥ ನಾಲ್ಕು ಹಸ್ತಗಳಿವೆ. ಕ್ಯಾಲ್ಸಿಯಂ ಕೂಡಿದಾಗ ಅದು ಆಕಾರ ಬದಲಿಸಿ ಬೇರೆ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಟ್ರೋಪೋನಿನ್-ಸಿ ಇದೇ ಕುಟುಂಬದ್ದಾದರೂ ಅದರ ಕೆಲಸ ಸ್ನಾಯುವಿಗೆ ಸಂಕೋಚನದ ಆಜ್ಞೆ ಕೊಡುವುದು. ಅಯಾನು ಒಂದೇ, ಅದನ್ನು ಹಿಡಿದ ಪ್ರೋಟೀನು ಯಾವುದು, ಎಲ್ಲಿದೆ ಎಂಬುದರ ಮೇಲೆ ಪರಿಣಾಮ ಬೇರೆಯಾಗುತ್ತದೆ.

ಹಾರ್ಮೋನು ಕಣದೊಳಗೂ ಕ್ಯಾಲ್ಸಿಯಂಗೆ ಕೆಲಸವುಂಟು. ಅಲ್ಲಿ ಎಎನ್‌ಪಿ ಇರುವುದು 126 ಅಮೈನೋ ಆಮ್ಲಗಳ ಪೂರ್ವರೂಪದಲ್ಲಿ. ಈ ಪೂರ್ವರೂಪವೇ ಕ್ಯಾಲ್ಸಿಯಂ ಅನ್ನು ಹಿಡಿದು ಒತ್ತಾಗಿ ಗುಂಪುಗೂಡಬಲ್ಲದು. ಕೋಶದಿಂದ ಹೊರಬರುವಾಗ ಕೋರಿನ್ ಎಂಬ ಕಿಣ್ವ ಅದನ್ನು ಕತ್ತರಿಸಿ ಸಕ್ರಿಯ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಹೀಗೆ ಕ್ಯಾಲ್ಸಿಯಂ ಇಲ್ಲಿ ಬಾಗಿಲು ತೆರೆಯುವ ಆಳು ಮಾತ್ರವಲ್ಲ, ಉಗ್ರಾಣ ಜೋಡಿಸುವ ಆಳೂ ಹೌದು. ಸ್ರಾವಕ್ಕೆ ಮುಖ್ಯ ಪ್ರಚೋದನೆ ಭಿತ್ತಿಯ ಹಿಗ್ಗುವಿಕೆ. ಕ್ಯಾಲ್ಸಿಯಂ ಏರಿದಾಗ ಸ್ರಾವ ಹೆಚ್ಚಿತೆಂದು ಕೆಲವು ಪ್ರಯೋಗಗಳೂ ತಗ್ಗಿತೆಂದು ಇನ್ನು ಕೆಲವೂ ತೋರಿಸಿವೆ. ಆದ್ದರಿಂದ ನರಕೋಶದ ಪಾಠವನ್ನು ಹೃದಯಕ್ಕೆ ಹಾಗೆಯೇ ಅನ್ವಯಿಸಲಾಗದು.

ಈ ತಿಳಿವಳಿಕೆಯಿಂದ ರೋಗಿಗಳಿಗೆ ಪ್ರಯೋಜನವಾಗಿದೆ. ಎಎನ್‌ಪಿಯ ಸೋದರ ಬಿಎನ್‌ಪಿಯನ್ನು 1988ರಲ್ಲಿ ಹಂದಿಯ ಮಿದುಳಿನಲ್ಲಿ ಗುರುತಿಸಿದರೂ ಅದರ ಮುಖ್ಯ ಮೂಲ ಹೃತ್ಕುಕ್ಷಿಯೆಂದು ಅನಂತರ ತಿಳಿಯಿತು. ಉಬ್ಬಸಪಡುತ್ತ ಬಂದವರಿಗೆ ಹೃದಯ ವೈಫಲ್ಯವಿದೆಯೇ, ತೊಂದರೆ ಶ್ವಾಸಕೋಶದ್ದೇ ಎಂದು ನಿರ್ಧರಿಸಲು ರಕ್ತದಲ್ಲಿನ ಬಿಎನ್‌ಪಿ ಪ್ರಮಾಣ ವೈದ್ಯರಿಗೆ ನೆರವಾಗುತ್ತದೆ. ಈ ಹಾರ್ಮೋನುಗಳನ್ನು ಒಡೆಯುವ ನೆಪ್ರಿಲೈಸಿನ್ ಕಿಣ್ವವನ್ನು ತಡೆಯುವ ಸ್ಯಾಕ್ಯುಬಿಟ್ರಿಲ್ ಎಂಬ ಔಷಧಿ, ವಾಲ್ಸಾರ್ಟಾನ್ ಜೊತೆಗೂಡಿ, 2015ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು.

ಮುಂದಿನ ಬಾರಿ ತರಗತಿಯಲ್ಲಿ ನಿರ್ನಾಳ ಗ್ರಂಥಿಗಳ ಪಟ್ಟಿಯನ್ನು ಬರೆಸುವಾಗ ಪಿಟ್ಯುಟರಿ, ಥೈರಾಯ್ಡ್‌ಗಳ ಸಾಲಿಗೆ ಹೃದಯವನ್ನೂ ಸೇರಿಸಿ. ಏಕೆಂದು ಮಕ್ಕಳು ಕೇಳದೆ ಇರಲಾರರು.