ಕವರ್ ಬಿಟ್ಟರೆ ಯಾವ ಚೀಲ?

ಪ್ಲಾಸ್ಟಿಕ್ ಕವರ್ ಬೇಡ, ಕಾಗದದ ಚೀಲ ಇದ್ದರೆ ಕೊಡಿ ಎಂದು ಅಂಗಡಿಯಲ್ಲಿ ಕೇಳುವವರಿದ್ದಾರೆ. ಕಾಳಜಿ ದೊಡ್ಡದು. ಆದರೆ ಚೀಲದಿಂದ ಆಗುವ ಹಾನಿಯನ್ನು ಎರಡು ಸಲ ಲೆಕ್ಕ ಹಾಕಬೇಕು: ಕಾರ್ಖಾನೆಯಲ್ಲಿ ತಯಾರಾಗುವಾಗ ಒಮ್ಮೆ, ನಾವು ಬಿಸಾಡಿದ ಮೇಲೆ ಇನ್ನೊಮ್ಮೆ. ಮೊದಲ ಲೆಕ್ಕದಲ್ಲಿ ಕಾಗದವೇ ದುಬಾರಿ.

ತೆಳು ಕವರಿನ ತಯಾರಿ ಸುಲಭ. ಪಾಲಿಥೀನ್ ಹರಳುಗಳನ್ನು ಕರಗಿಸಿ, ಗಾಳಿ ಊದಿ ತೆಳ್ಳನೆಯ ಕೊಳವೆ ಮಾಡಿ, ಕತ್ತರಿಸಿ ಬಿಸಿಯಲ್ಲಿ ಅಂಟಿಸಿದರೆ ಮುಗಿಯಿತು. ಕಾಗದಕ್ಕಾದರೆ ಮರದ ಅಥವಾ ಬಿದಿರಿನ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಬೆರೆತ ನೀರಿನಲ್ಲಿ ಒತ್ತಡ ಕೊಟ್ಟು ಬೇಯಿಸಬೇಕು. ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಆಗ ಕರಗುತ್ತದೆ. ಮರದ ಹೆಚ್ಚುಕಡಿಮೆ ಅರ್ಧ ಭಾಗ ಮಾತ್ರ ತಿರುಳಾಗಿ ಉಳಿಯುತ್ತದೆ. ಅದನ್ನು ತೊಳೆಯಲು ಅಪಾರ ನೀರು, ಒಣಗಿಸಲು ಮತ್ತಷ್ಟು ಉರುವಲು. ಕಾಗದಕ್ಕಾಗಿ ಕಾಡು ತೆರುವ ಬೆಲೆ ಉತ್ತರ ಕನ್ನಡಕ್ಕೆ ಚೆನ್ನಾಗಿ ಗೊತ್ತು. ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಕೊಡುತ್ತಿದ್ದ ಕಾಲದಲ್ಲಿ, ಬುಟ್ಟಿ ಹೆಣೆಯುವವರು ಅದೇ ಬಿದಿರಿಗೆ ಪೇಟೆಯಲ್ಲಿ ನೂರಾರು ಪಟ್ಟು ಹೆಚ್ಚು ತೆರಬೇಕಿತ್ತು. ಕಾಡಿನ ಬಿದಿರು ಹೇಗೆ ಬರಿದಾಯಿತೆಂಬುದನ್ನು 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅಧ್ಯಯನ ಮಾಡಿದರು.

ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ ತೆಳು ಕವರಿನ ತೂಕ ಸುಮಾರು 8 ಗ್ರಾಂ, ಕಾಗದದ ಚೀಲದ್ದು 55 ಗ್ರಾಂ. ಒಂದೇ ಸಲ ಬಳಸಿದ ಕವರಿಗೆ ಹವಾಮಾನದ ಲೆಕ್ಕದಲ್ಲಿ ಸರಿಗಟ್ಟಲು ಕಾಗದದ ಚೀಲವನ್ನು 3 ಸಲ ಬಳಸಬೇಕು, ಹೊಸ ಹತ್ತಿಯ ಚೀಲವನ್ನು 131 ಸಲ. ಒದ್ದೆ ಕೊತ್ತಂಬರಿ ಕಟ್ಟು ಹಾಕಿದರೆ ತಳ ಕಿತ್ತುಬರುವ ಕಾಗದದ ಚೀಲ ಮೂರನೇ ಸಂತೆ ಕಾಣುವುದು ಕಷ್ಟ.

ಹಾಗಾದರೆ ಕವರೇ ಮೇಲೇ? ಖಂಡಿತ ಅಲ್ಲ. ಆ ಅಂಕಿಗಳಲ್ಲಿ ಬೀದಿಗೆ ಬಿದ್ದ ಕವರಿನ ಹಾನಿ ಸೇರಿಲ್ಲ, ನಮ್ಮೂರುಗಳಲ್ಲಿ ಅದೇ ದೊಡ್ಡದು. ಮಿಕ್ಕ ಅನ್ನ, ತರಕಾರಿ ಸಿಪ್ಪೆಯನ್ನು ಕವರಿಗೆ ಹಾಕಿ ಗಂಟು ಕಟ್ಟಿ ಎಸೆಯುತ್ತೇವೆ. ಹಸುವಿಗೆ ಗಂಟು ಬಿಚ್ಚಲು ಬಾರದು, ಕವರ್ ಸಮೇತ ನುಂಗುತ್ತದೆ. ಅನ್ನ ಕರಗುತ್ತದೆ, ಪ್ಲಾಸ್ಟಿಕ್ ಮೊದಲ ಹೊಟ್ಟೆಯಲ್ಲೇ ಉಳಿಯುತ್ತದೆ. ಮೇಲಿಂದ ಮೇಲೆ ಸೇರಿ, ಹಗ್ಗದ ತುಂಡುಗಳೊಂದಿಗೆ ಸುತ್ತಿಕೊಂಡು ಉಂಡೆಯಾಗುತ್ತದೆ. ಹೊಟ್ಟೆ ತುಂಬಿದಂತೆ ಕಾಣುವ ಹಸು ಮೇವು ಬಿಡುತ್ತದೆ, ಸೊರಗುತ್ತದೆ. ಪಶುವೈದ್ಯರು ಪಕ್ಕೆ ಕುಯ್ದು ಕೈಹಾಕಿ ಅದನ್ನು ತೆಗೆಯದಿದ್ದರೆ ಬದುಕುವುದಿಲ್ಲ. ಚರಂಡಿಯ ಕಥೆಯೂ ಗಂಭೀರವೇ: 1988 ಮತ್ತು 1998ರ ಮಹಾಪ್ರವಾಹಗಳಲ್ಲಿ ಕವರುಗಳು ಚರಂಡಿ ಕಟ್ಟಿದ್ದನ್ನು ಕಂಡ ಬಾಂಗ್ಲಾದೇಶ 2002ರಲ್ಲಿ ತೆಳು ಕವರನ್ನೇ ನಿಷೇಧಿಸಿತು. ಕರ್ನಾಟಕದ ನಿಷೇಧ ಬಂದದ್ದು 2016ರಲ್ಲಿ. ಕೇಂದ್ರದ ನಿಯಮದಂತೆ 2022ರ ಡಿಸೆಂಬರ್ 31ರಿಂದ ಪ್ಲಾಸ್ಟಿಕ್ ಚೀಲ 120 ಮೈಕ್ರಾನ್‌ಗಿಂತ ತೆಳುವಿರುವಂತಿಲ್ಲ. ದಪ್ಪ ಚೀಲವನ್ನು ಪುಕ್ಕಟೆ ಕೊಡಲು ಅಂಗಡಿಯವರಿಗೆ ಗಿಟ್ಟುವುದಿಲ್ಲ, ಆಯುವವರಿಗೆ ಅದರಿಂದ ನಾಲ್ಕು ಕಾಸೂ ಸಿಗುತ್ತದೆ.

ಈ ನಡುವೆ ಬಣ್ಣಬಣ್ಣದ, ಬಟ್ಟೆಯಂತೆ ಕಾಣುವ ಚೀಲಗಳು ಬಂದಿವೆ. ಮದುವೆ ಮನೆಯಲ್ಲಿ ತಾಂಬೂಲಕ್ಕೂ ಅವೇ. ಹತ್ತಿರದಿಂದ ನೋಡಿ: ಅದರಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ, ಸಾಲುಸಾಲು ಚುಕ್ಕಿಗಳ ಒತ್ತು ಮಾತ್ರ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್. ಅನುಮಾನವಿದ್ದರೆ ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ: ಹತ್ತಿಯಾದರೆ ಉರಿದು ಬೂದಿಯಾಗುತ್ತದೆ, ಇದು ಮುದುಡಿ, ಕರಗಿ ಗಟ್ಟಿ ಮಣಿಯಾಗುತ್ತದೆ. ಬಿಸಿಲಿಗೆ ಬಿದ್ದರೆ ಎಳೆಎಳೆಯಾಗಿ ಉದುರಿ ಮಣ್ಣಿಗೆ ಸೇರುತ್ತದೆ. ಬಟ್ಟೆಯೆಂದು ನಂಬಿ ಜನ ಇದನ್ನು ಒಯ್ಯುತ್ತಾರಲ್ಲ, ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಅದೇ.

ಹೊಸ ಚೀಲ ಕೊಳ್ಳದಿರುವುದೇ ಸರಿ ಎಂದು ನನ್ನ ಅಭಿಪ್ರಾಯ. ಹಳೆಯ ಪ್ಯಾಂಟು, ಹತ್ತಿ ಸೀರೆ, ದಿಂಬಿನ ಗೌಸು ಯಾವುದಾದರೂ ಆದೀತು. ಹತ್ತಿ ಬೆಳೆದ ನೀರು, ಗೊಬ್ಬರದ ಖರ್ಚು ಆಗಲೇ ಮುಗಿದಿರುತ್ತದೆ. ಹೊಸದನ್ನು ಕೊಂಡೇ ಇದ್ದರೆ, ವಾರಕ್ಕೆರಡು ಸಲ ಒಯ್ದರೂ 131 ಮುಟ್ಟಲು ಒಂದೂಕಾಲು ವರ್ಷ ಬೇಕು. ಹಳೆ ಪೇಪರಿನ ಪೊಟ್ಟಣ ಮೊಳೆ, ಗುಂಡಿಗಳಿಗೆ ಒಳ್ಳೆಯದು, ಬೋಂಡಾ ಬಜ್ಜಿಗೆ ಬೇಡ: ಅಚ್ಚಿನ ಶಾಯಿ ತಿಂಡಿಗೆ ಸೇರುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಮನೆಗೆ ಕವರ್ ಬಂದೇ ಬಂದರೆ ತೊಳೆದು ಒಣಗಿಸಿ ಒಣ ಕಸಕ್ಕೆ ಹಾಕಿ, ಎಣ್ಣೆ ಸಾರು ಮೆತ್ತಿದ್ದನ್ನು ಗುಜರಿಯವರು ಮುಟ್ಟುವುದಿಲ್ಲ. ಹಸಿ ಕಸವನ್ನಂತೂ ಅದರಲ್ಲಿ ಕಟ್ಟಬೇಡಿ, ಬಕೆಟ್ಟಿನಿಂದ ನೇರ ಗಾಡಿಗೆ ಸುರಿಯಿರಿ.